ಜಿಮ್‌ಗಳಲ್ಲಿ ವಿಶ್ರಾಂತಿಯ ಪಾಠವೂ ನಡೆಯಲಿ

ಮಾನ್ಯ ಸಂಪಾದಕರೇ,

ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಯ ಮೇಲೆ ಕಣ್ಣಿಟ್ಟ ನಮ್ಮ ಕಲಬುರಗಿಯ ಹುಡುಗರು ನಸುಕಿನಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುತ್ತಾರೆ, ಸಂಜೆ ಜಿಮ್‌ಗೆ ಹೋಗಿ ಭಾರ ಎತ್ತುತ್ತಾರೆ. ಬಹಳ ವರ್ಷ ದೈಹಿಕ ಶಿಕ್ಷಕನಾಗಿದ್ದ ನನಗೆ ಅವರ ಹುಮ್ಮಸ್ಸು ಕಂಡರೆ ಸಂತೋಷವೇ. ಆದರೆ ದಣಿದ ಸ್ನಾಯುಗಳಿಗೆ ಎಷ್ಟು ಬಿಡುವು ಕೊಡಬೇಕೆಂಬುದನ್ನು ಅವರಿಗೆ ಸರಿಯಾಗಿ ತಿಳಿಸಿಕೊಡುವವರು ಕಡಿಮೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಜಿಮ್ ಸೇರಿದ ಮೊದಲ ವಾರದಲ್ಲೇ, ತರಬೇತುದಾರರು ಹೇಳಿದರೆಂದು ಒಂದೇ ಸಂಜೆ ಮುನ್ನೂರು ಬೈಠಕ್ ಹೊಡೆದಿದ್ದ. ಮರುದಿನ ತೊಡೆಗಳು ಬಿಗಿದುಕೊಂಡಿದ್ದರೂ, ಮಾಡುತ್ತಾ ಹೋದರೆ ನೋವು ತಾನೇ ಹೋಗುತ್ತದೆ ಎಂದು ಅವನಿಂದ ಮತ್ತೆ ಭಾರ ಎತ್ತಿಸಿದರು. ಮೂರನೆಯ ದಿನ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದವನು, ಮೂತ್ರವು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದೆ ಎಂದು ತಾಯಿಯ ಮುಂದೆ ಅಳುತ್ತಾ ಹೇಳಿದ. ನಾಲ್ಕು ದಿನ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮನೆಗೆ ಬಂದ. ವೈದ್ಯರು ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ: ಮಿತಿಮೀರಿದ ಶ್ರಮದಿಂದ ಸ್ನಾಯುವಿನ ಜೀವಕೋಶಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ನಮ್ಮ ಭಾಗದ ಬಿಸಿಲಿಗೆ ಮೈಯ ನೀರು ಬತ್ತಿದ್ದರೆ, ಅದರ ಮೇಲೆ ನೋವಿನ ಮಾತ್ರೆಯನ್ನೂ ನುಂಗಿದರೆ, ಅಪಾಯ ಇನ್ನೂ ಹೆಚ್ಚು.

ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ. ಆಗ ಅದರ ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತದೆ. ಮುಂದಿನ ಒಂದೆರಡು ದಿನ ಉಂಡ ಅನ್ನದಿಂದ, ಮಲಗಿದ ನಿದ್ದೆಯಿಂದ ದೇಹ ಅದನ್ನು ರಿಪೇರಿ ಮಾಡಿ ಗಟ್ಟಿಗೊಳಿಸುತ್ತದೆ. ಹೊಸಬರಿಗೆ ಮೈನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿರುತ್ತದೆ. ಹೀಗಾಗಿ ಇಂದು ಕಾಲಿನ ಕಸರತ್ತು ಜೋರಾಗಿದ್ದರೆ, ಅದೇ ಸ್ನಾಯುಗಳಿಗೆ ಸುಮಾರು 48 ಗಂಟೆ ಬಿಡುವು ಕೊಟ್ಟು, ನಾಳೆ ಭುಜವನ್ನೋ ಎದೆಯನ್ನೋ ದುಡಿಸಬೇಕು. ಇಲ್ಲವೇ ಸುಮ್ಮನೆ ನಡೆದಾಡಬೇಕು. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆಯೇ ಹೊರತು ದಿನವೂ ಮಾಡಬೇಕೆಂದು ಅಲ್ಲ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡಿ ನಾಲ್ಕಕ್ಕೆ ಎದ್ದು ಓಡುವ ಹುಡುಗನಿಗೆ ಯಾವ ದುಬಾರಿ ಪುಡಿಯೂ ನಿದ್ದೆಯ ಜಾಗ ತುಂಬುವುದಿಲ್ಲ. ಊಟಕ್ಕಂತೂ ನಮ್ಮ ತೊಗರಿ ಬೇಳೆ, ಶೇಂಗಾ, ಮೊಸರು, ಜೋಳದ ರೊಟ್ಟಿ ಇದ್ದೇ ಇವೆ.

ನಾನು ಚಿಕ್ಕವನಿದ್ದಾಗ ತಾಲೀಮಿಗೆ ಹೋಗುತ್ತಿದ್ದೆ. ಹುಡುಗನ ಕಣ್ಣು ಸೋತಿದ್ದು ಕಂಡರೆ ನಮ್ಮ ಉಸ್ತಾದರು ಲಂಗೋಟಿ ಕಟ್ಟಲು ಬಿಡದೆ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಮಲಗು ಎಂದು ಮನೆಗೆ ಕಳುಹಿಸುತ್ತಿದ್ದರು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಜಿಲ್ಲೆಯ ಜಿಮ್ ತರಬೇತುದಾರರನ್ನು ಕರೆಸಿ, ಬೇಸಿಗೆಗೆ ಮುನ್ನವೇ ವೈದ್ಯರಿಂದ ಒಂದು ದಿನದ ತರಬೇತಿ ಕೊಡಿಸಬೇಕೆಂದು ವಿನಂತಿಸುತ್ತೇನೆ. ಮೂತ್ರದ ಬಣ್ಣ ಕಪ್ಪಾದರೆ, ಕೈಕಾಲು ಊದಿ ಬಲ ಕುಂದಿದರೆ ಆ ಕ್ಷಣವೇ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕೆಂಬ ಸೂಚನೆಯನ್ನು ಪ್ರತಿ ಜಿಮ್‌ನ ಕನ್ನಡಿಯ ಪಕ್ಕದಲ್ಲಿ ಕನ್ನಡದಲ್ಲಿ ಬರೆಸಲಿ.

– ನಿವೃತ್ತ ದೈಹಿಕ ಶಿಕ್ಷಕ, ಕಲಬುರಗಿ