ತುಂಗೆಯ ಹೆಸರಿನ ಅಕ್ಷರ: ಗೆಳೆಯನಿಗೊಂದು ಪತ್ರ

ಕೊಪ್ಪ, ಚಿಕ್ಕಮಗಳೂರು ಜಿಲ್ಲೆ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಇಲ್ಲಿ ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ತೋಟಕ್ಕೆ ಹೋಗುವ ಹಾಗಿಲ್ಲ. ಸುಮ್ನೆ ಕೂರಲಾರದೆ ಅಟ್ಟ ಹತ್ತಿ ಅಪ್ಪನ ಪ್ರೆಸ್ಸಿನ ಹಳೆ ಸಾಮಾನು ಕೆಳಗಿಳಿಸಿದೆ. ಅಚ್ಚಿನ ಮೊಳೆಗಳ ಒಂದು ಕೇಸು ಹಾಗೇ ಉಳಿದಿದೆ ಕಣೋ. ಒತ್ತಕ್ಷರದ ಖಾನೆಯಲ್ಲಿ ಕೈಯಾಡಿಸಿದಾಗ ನೀನೇ ನೆನಪಾದೆ. ರಜೆಯಲ್ಲಿ ಇಬ್ಬರೂ ಕೂತು ಮೊಳೆ ವಿಂಗಡಿಸುತ್ತಿದ್ದೆವಲ್ಲ, ‘ಪ’ದ ಮನೆಗೆ ‘ಷ’ ಹಾಕಿ ಬೈಸಿಕೊಳ್ಳುತ್ತಾ!

ಆಮೇಲೆ ಕಂಪ್ಯೂಟರ್ ಬಂತು. ನಿನ್ನ ಅಕ್ಕನ ಲಗ್ನಪತ್ರಿಕೆ ಮರೆತಿಲ್ಲ ತಾನೆ? ರಾತ್ರಿಯೆಲ್ಲ ಕೂತು ಟೈಪ್ ಮಾಡಿ, ಫ್ಲಾಪಿಯಲ್ಲಿ ಹಾಕಿ ಆಫ್‌ಸೆಟ್ ಪ್ರೆಸ್ಸಿಗೆ ಒಯ್ದಿದ್ದೆ. ಅಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆಗಿನ ಫಾಂಟುಗಳೇ ಹಾಗೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ತಿಳಿಯುತ್ತಿರಲಿಲ್ಲ. ನಿಮ್ಮ ಅಮ್ಮ ಅಪಶಕುನ ಅಂತ ಎಷ್ಟು ನೊಂದುಕೊಂಡರು! ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆ ಕಷ್ಟ ತಪ್ಪಿಸಿದವರಲ್ಲಿ ಒಬ್ಬರ ಬಗ್ಗೆ ನಿನಗೆ ಹೇಳಬೇಕು ಅನಿಸಿತು. ರಘುನಾಥ ಕೃಷ್ಣ ಜೋಶಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಅನ್ನುವ ಕನ್ನಡ ಫಾಂಟ್ ಬಂತಲ್ಲ, ಅದು ಅವರ ನಿರ್ದೇಶನದಲ್ಲಿ ಆದದ್ದು. ಜೊತೆಗಿದ್ದವರು ವಿನಯ್ ಸಾಯ್ನೇಕರ್. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯಲ್ಲಿ ನಾವು ಮೀನಿಗೆ ಮಂಡಕ್ಕಿ ಹಾಕಿದ ಹೊಳೆಯ ಹೆಸರು! ಫಾಂಟುಗಳ ಪಟ್ಟಿಯಲ್ಲಿ ಅದನ್ನು ಮೊದಲ ಸಲ ನೋಡಿದಾಗ ಮನೆಯವರನ್ನೇ ಕಂಡಷ್ಟು ಖುಷಿಯಾಗಿತ್ತು.

ಜೋಶಿಯವರು ಹುಟ್ಟಿದ್ದು 1936ರಲ್ಲಿ, ಮಹಾರಾಷ್ಟ್ರದವರು. ಜಾಹೀರಾತು ಕಂಪನಿಯಲ್ಲಿ ಕಲಾ ನಿರ್ದೇಶಕರಾಗಿದ್ದರು. ಆಮೇಲೆ ಐಐಟಿ ಬಾಂಬೆಯಲ್ಲಿ ಮೇಷ್ಟ್ರಾದರು. ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದರು. ಅಕ್ಷರಗಳ ಜೋಡಣೆಯೇ ಚಿತ್ರವಾಗುವಂಥ ಕವಿತೆ. ಮುಖ್ಯವಾಗಿ ಅವರು ಕೈಬರಹದ ಕಲಾವಿದರು. ಕುಂಚ ಹಿಡಿದ ಕೈಯೇ ಮುಂದೆ ಮುಂಬೈನ ಎನ್‌ಸಿಎಸ್‌ಟಿ ಅನ್ನುವ ಸರ್ಕಾರಿ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕಂಪ್ಯೂಟರಿಗೆ ಅಕ್ಷರ ಬರೆಯಿತು. ಹಿಂದಿಗೆ ಮಂಗಲ್, ತೆಲುಗಿಗೆ ಗೌತಮಿ, ಗುಜರಾತಿಗೆ ಶ್ರುತಿ, ನಮಗೆ ತುಂಗಾ.

ಇದು ಎಂಥ ಕೆಲಸ ಅಂತ ಮೊಳೆ ಮುಟ್ಟಿದ ನಿನಗೆ ಬೇಗ ಅರ್ಥವಾಗುತ್ತದೆ. ‘ಧರ್ಮ’ ಅಂತ ಟೈಪ್ ಮಾಡುವಾಗ ಬಾಯಲ್ಲಿ ಬರುವಂತೆ ‘ರ’ ಮೊದಲು, ‘ಮ’ ಆಮೇಲೆ. ಯುನಿಕೋಡಿನಲ್ಲಿ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿಯಲ್ಲಿ, ಉಳಿಯುವುದೂ ಅದೇ ಕ್ರಮದಲ್ಲಿ. ಆದರೆ ಕಣ್ಣಿಗೆ ಅರ್ಕಾವೊತ್ತು ‘ಮ’ದ ಆಚೆ ಕಾಣಬೇಕು. ‘ಸ್ತ್ರೀ’ಯಲ್ಲಿ ಆರು ಸಂಕೇತಗಳಿವೆ: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಕೊನೆಗೆ ಈಕಾರ. ಈಕಾರ ಬರುವುದು ಕೊನೆಯಲ್ಲಾದರೂ ಕೂರುವುದು ಮೇಲಿನ ‘ಸ’ದ ಮೇಲೆ. ಎರಡೂ ಒತ್ತು ಕೆಳಗೆ. ಹೀಗೆ ಯಾವುದರ ಕೆಳಗೆ ಯಾವುದು ಅನ್ನುವ ನಿಯಮಗಳೆಲ್ಲ ಫಾಂಟಿನೊಳಗೇ ಇರಬೇಕು. ಅಪ್ಪ ಬೆರಳಿನಲ್ಲಿ ಮಾಡುತ್ತಿದ್ದ ಜೋಡಣೆಯನ್ನು ಫಾಂಟೇ ಮಾಡಬೇಕು.

ಇನ್ನು ಆಕಾರ. ‘ಪ’ದ ಹೊಟ್ಟೆ ಸೀಳಿದರೆ ‘ಷ’. ‘ದ’ದ ಕೆಳಗೆ ಒಂದು ಸಣ್ಣ ಗೆರೆ ಎಳೆದರೆ ‘ಧ’. ಪರದೆಯಲ್ಲಿ ಚಿಕ್ಕ ಅಕ್ಷರಕ್ಕೆ ಸಿಗುವುದು ಎತ್ತರದಲ್ಲಿ ಹತ್ತು ಹನ್ನೆರಡು ಚುಕ್ಕಿ. ಅಷ್ಟರಲ್ಲೇ ಆ ಗೆರೆ ಬದುಕಬೇಕು. ಕನ್ನಡದ ಈ ಸೂಕ್ಷ್ಮಗಳನ್ನು ಮರಾಠಿ ಮನುಷ್ಯರೊಬ್ಬರು ಕೂತು ಕಲಿತರಲ್ಲ, ಅದು ನನಗೆ ದೊಡ್ಡದು.

ತುಂಗಾ ಅತಿ ಚೆಂದದ ಫಾಂಟ್ ಅಂತ ನಾನು ಹೇಳುವುದಿಲ್ಲ. ಉದ್ದದ ಬರಹ ಓದಲು ಸ್ವಲ್ಪ ತೆಳುವಾಯಿತು ಅನಿಸುತ್ತದೆ. ಇದೆಲ್ಲ ಅವರೊಬ್ಬರಿಂದಲೇ ಆಯಿತು ಅಂತಲೂ ಅಲ್ಲ. ಯುನಿಕೋಡ್ ಎಷ್ಟೋ ಜನ ಕೂಡಿ ಕಟ್ಟಿದ್ದು. ನಮ್ಮ ಬೆರಳಿಗೆ ಅಭ್ಯಾಸವಾದ ಕೀಲಿಮಣೆಯ ಹಿಂದೆ ಕಿನ್ನಿಕಂಬಳದ ಕೆ. ಪಿ. ರಾಯರಿದ್ದಾರೆ. ಎಕ್ಸ್‌ಪಿಯಲ್ಲೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಕನ್ನಡ ಸರಿಯಾಗಿ ಕಾಣಲು ಒಂದು ಟಿಕ್ ಹಾಕಿ, ವಿಂಡೋಸ್ ಸಿ.ಡಿ. ಕೊಡಬೇಕಿತ್ತು. ಆದರೆ ಒಮ್ಮೆ ಹಾಗೆ ಮಾಡಿದ ಮೇಲೆ, ಇಲ್ಲಿ ಯುನಿಕೋಡಿನಲ್ಲಿ ಬರೆದದ್ದು ಇನ್ನೊಂದು ಊರಿನಲ್ಲೂ ಕನ್ನಡವಾಗಿಯೇ ತೆರೆಯಿತು.

2008ರ ಫೆಬ್ರವರಿಯಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಜೋಶಿಯವರು ತೀರಿಕೊಂಡರು. ಆಗ ನಮ್ಮ ಅಂಗಡಿಯಲ್ಲಿ ದಿನವೂ ಅವರ ಅಕ್ಷರದಲ್ಲೇ ಅರ್ಜಿ ಟೈಪ್ ಮಾಡುತ್ತಿದ್ದೆ. ಆದರೂ ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಈ ಪತ್ರವನ್ನು ತುಂಗಾದಲ್ಲೇ ಟೈಪ್ ಮಾಡಿದ್ದೇನೆ. ಅಕ್ಕನಿಗೂ ತೋರಿಸು. ಒತ್ತಿನ ಮೊಳೆ ಒಂದು ಹಿಡಿ ನಿನಗೆ ಅಂತ ತೆಗೆದಿಟ್ಟಿದ್ದೇನೆ. ಮಳೆ ಹೊಳವಾದ ಮೇಲೆ ಬಾ.

ನಿನ್ನ ಗೆಳೆಯ