ಮುಂಗೋಪದ ಬೆಕ್ಕುಗಳ ಕುರಿತು ಸದಸ್ಯರ ಗಮನಕ್ಕೆ

ಹುಬ್ಬಳ್ಳಿ-ಧಾರವಾಡದ ಎಲ್ಲ ಸದಸ್ಯರಿಗೆ ನಮಸ್ಕಾರ. ‘ಬೆಕ್ಕು ಕೈಗೆ ಬರುವುದಿಲ್ಲ, ಪರಚುತ್ತದೆ, ಯಾರಾದರೂ ಒಯ್ಯಿರಿ’ ಎಂಬ ಸಂದೇಶಗಳು ಗುಂಪಿನಲ್ಲಿ ಮೇಲಿಂದ ಮೇಲೆ ಬರುತ್ತಿರುವುದರಿಂದ ಈ ಸೂಚನೆ.

ಹುಟ್ಟಿದ 2ರಿಂದ 7 ವಾರಗಳ ನಡುವೆ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿ, ಮುಂದೆ ಎಷ್ಟೇ ಪ್ರೀತಿಯಿಂದ ಸಾಕಿದರೂ ತೊಡೆಯೇರದೆ ಉಳಿಯಬಹುದು. ಅದನ್ನು ಕೃತಘ್ನತೆ ಎನ್ನಲಾಗದು. ಮನೆಯೊಳಗೇ ಇರುವ ಬೆಕ್ಕು 15 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುವುದರಿಂದ, ಮರಿಯನ್ನು ತರುವ ದಿನವೇ ಅಷ್ಟು ಕಾಲದ ಹೊಣೆಯನ್ನು ಒಪ್ಪಿಕೊಂಡಂತೆ. ಚೀಲದಲ್ಲಿ ಹಾಕಿಕೊಂಡು ಹೋಗಿ ಉಣಕಲ್ ಕೆರೆಯ ದಂಡೆಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. (ಹಿಂದಿನವರೂ ಹೀಗೇ ಮಾಡುತ್ತಿದ್ದರು ಎಂಬ ಸಮರ್ಥನೆ ದಯವಿಟ್ಟು ಬೇಡ.)

ಇದುವರೆಗೆ ಶಾಂತವಾಗಿದ್ದ ಬೆಕ್ಕು ಏಕಾಏಕಿ ಕಚ್ಚತೊಡಗಿದರೆ ಹಲ್ಲುನೋವೋ ಕೀಲುನೋವೋ ಇರುವ ಸಾಧ್ಯತೆಯಿದ್ದು, ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಿವಿಗಳನ್ನು ಹಿಂದಕ್ಕೆ ಮಡಚಿ ಬಾಲ ಬಡಿಯುತ್ತಿರುವಾಗ, ಮಂಚದ ಕೆಳಗೆ ಅಡಗಿ ಕುಳಿತಿರುವಾಗ, ಅದನ್ನು ಎಳೆದು ಮುದ್ದಿಸಲು ಹೋಗಬಾರದು. ಮಕ್ಕಳಿಗೂ ಇದನ್ನು ಹೇಳಿಕೊಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರನ್ನು ಕಾಣಬೇಕು.

ಇನ್ನು ಮುಂದೆ ಬೆಕ್ಕನ್ನು ಬೇರೆಯವರಿಗೆ ಕೊಡುವ ಸಂದೇಶ ಹಾಕುವವರು, ಪಶುವೈದ್ಯರು ಏನು ಹೇಳಿದರು ಎಂಬುದನ್ನೂ ಜೊತೆಗೆ ಬರೆಯತಕ್ಕದ್ದು.