ಭಾನುವಾರದ ಮಾತುಕತೆ: ಡೈಕ್‌ಸ್ಟ್ರಾ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಕುಕ್ಕರಹಳ್ಳಿ ಕೆರೆ ಗೇಟಿನ ಬಳಿ ಸೇರೋಣ. ಈ ಸಲ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ (1930–2002) ಬಗ್ಗೆ.

ಊರಿಂದೂರಿಗೆ ಅತಿ ಹತ್ತಿರದ ದಾರಿ ಹುಡುಕುವ ವಿಧಾನ ಅವರಿಗೆ ಹೊಳೆದದ್ದು 1956ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯಲ್ಲಿ. ಮದುವೆ ನಿಶ್ಚಯವಾಗಿದ್ದ ಹುಡುಗಿ ಜೊತೆ ಅಂಗಡಿ ಸುತ್ತಿ ದಣಿದು ಕೂತಿದ್ದರು. ಪೆನ್ನು, ಕಾಗದ ಏನೂ ಇಲ್ಲ, ಇಪ್ಪತ್ತೇ ನಿಮಿಷ! ಅಚ್ಚಾಗಿದ್ದು 1959ರಲ್ಲಿ. 1972ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ. ಕೊನೆವರೆಗೂ ಟಿಪ್ಪಣಿ ಬರೆದರು, 1300ಕ್ಕೂ ಹೆಚ್ಚು, ಬಹುಪಾಲು ಶಾಯಿ ಪೆನ್ನಿನಲ್ಲೇ. ನನಗೆ ಅದೇ ಬಹಳ ಇಷ್ಟ.

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು ನಡುವಿನ ಕಿಲೋಮೀಟರ್ ಬರೆದು ತನ್ನಿ, ಅಲ್ಲೇ ಲೆಕ್ಕ ಹಾಕೋಣ. ಮಕ್ಕಳನ್ನೂ ಕರೆತನ್ನಿ. ಮಂಡ್ಯದಿಂದ ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ತಿಂಡಿ ಹೇಳಬೇಕು.